ಜಂತೆಗೆ ಕಟ್ಟಿದ ಏಳು ಮುಡಿಪು

ಬಬ್ಬೂರಿನಿಂದ ಎರಡು ಮೈಲಿ ಒಳಗಿರುವ ಹಟ್ಟಿಯಲ್ಲಿ ಪಾಲಯ್ಯ ಹಗಲು ಹೊತ್ತು ಮನೆಯಲ್ಲಿ ಕುಳಿತದ್ದನ್ನು ಯಾರೂ ಕಂಡಿರಲಿಲ್ಲ. ಇಪ್ಪತ್ತಾರು ವರ್ಷ ಪಂಚಾಯಿತಿಯ ನೀರು ಬಿಟ್ಟವನು ಅವನು. ಯಾವ ಓಣಿಗೆ ಯಾವ ಹೊತ್ತಿಗೆ ನೀರು ಹೋಗಬೇಕು, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಾಣಂತಿ ಎಂಬುದೆಲ್ಲ ಅವನ ಕಾಲಿಗೇ ಗೊತ್ತಿತ್ತು. ಉಂಡ ಕೈ ತೊಳೆಯುತ್ತಲೇ ಚಪ್ಪಲಿ ಹುಡುಕುವ ಗಂಡನನ್ನು ಕಂಡು ಮಲ್ಲಕ್ಕ, "ನಿನ್ನ ಕಾಲಿಗೇನು ಚಕ್ರ ಐತಾ?" ಎಂದು ಬೈಯುತ್ತಿದ್ದಳು.

ಈ ವರ್ಷ ಸಂಕ್ರಾಂತಿ ಕಳೆದ ಮರುವಾರ ಅವನು ನಲ್ಲಿಯ ಗುಂಡಿಯ ಪಕ್ಕದಲ್ಲೇ ಕುಸಿದ. ಬಲಗೈ, ಬಲಗಾಲು, ಬಾಯಿಯ ಒಂದು ಬದಿ ಸೋತುಹೋಗಿದ್ದವು. ದುರ್ಗದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಜೀವಕ್ಕೆ ಭಯವಿಲ್ಲ ಎಂದು ಮನೆಗೆ ಕಳಿಸುವಾಗ ವೈದ್ಯರು ಒಂದು ಚೀಟಿ ಕೊಟ್ಟು ಎರಡೆರಡು ಸಲ ಹೇಳಿದರು. ವಾರಕ್ಕೆ ಎರಡು ದಿನ ಹಿರಿಯೂರಿಗೆ ಕರೆದುಕೊಂಡು ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸಬೇಕು. ಮೊದಲ ಆರು ತಿಂಗಳಲ್ಲಿ ಬಂದಷ್ಟು ಬಲ ಆಮೇಲೆ ಬರುವುದು ಕಷ್ಟ. ಮಲ್ಲಕ್ಕ ಚೀಟಿಯನ್ನು ಮಡಚಿ ಸೊಂಟದ ಚೀಲದಲ್ಲಿಟ್ಟುಕೊಂಡಳು. ಆರು ತಿಂಗಳೆಂದರೆ ಆಷಾಢದವರೆಗೆ ಎಂದು ಬಸ್ಸಿನಲ್ಲೇ ಬೆರಳು ಮಡಚಿದಳು.

ಮನೆಗೆ ಬಂದ ಮಾರನೆಯ ದಿನ ಬರಗೇರಮ್ಮ ಬಂದಳು. ಪಾಲಯ್ಯನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳಾದ ಅಕ್ಕ. ತಾಯಿ ಸತ್ತಾಗ ಎರಡು ವರ್ಷದವನಾಗಿದ್ದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದವಳು. ಮಂಚದ ಮೇಲೆ ಬಾಯಿ ಸೊಟ್ಟಗಾಗಿ ಮಲಗಿದ್ದವನನ್ನು ಕಂಡವಳೇ ಅಲ್ಲೇ ನೆಲದ ಮೇಲೆ ಕುಳಿತು ಎದೆ ಬಡಿದುಕೊಂಡಳು. ಆಮೇಲೆ ಎದ್ದು ಮುಖ ತೊಳೆದು, ಹಳದಿ ಬಟ್ಟೆಯ ತುಂಡಿನಲ್ಲಿ ಅರಿಶಿಣದ ಕೊಂಬು, ಒಂದು ಹಿಡಿ ಅಕ್ಕಿ, ಒಂದು ನಾಣ್ಯ ಇಟ್ಟು ಗಂಟು ಕಟ್ಟಿದಳು. ಗುಡ್ಡದ ಚೌಡಮ್ಮನ ದಿಕ್ಕಿಗೆ ತಿರುಗಿ ಗಟ್ಟಿಯಾಗಿ ಹೇಳಿಯೂ ಬಿಟ್ಟಳು.

"ತಾಯಿ, ನನ್ನ ತಮ್ಮ ತನ್ನ ಕಾಲಲ್ಲಿ ತಾನು ನಿನ್ನ ಮೆಟ್ಲು ಹತ್ತಿ ಬರ್ತಾನೆ. ನಿನ್ನ ಹೊಸಿಲು ತುಳಿಯೋ ತನಕ ಅವನ್ನ ಇನ್ನೊಂದು ಹೊಸಿಲಿಗೆ ಕರ್ಕಂಡು ಹೋಗಲ್ಲ. ಇದು ನನ್ನ ಮಾತು."

ಮುಡಿಪು ಕಟ್ಟಿದ ಮೇಲೆ ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಮಲ್ಲಕ್ಕ ಬಾಗಿಲ ಬಳಿ ಚೀಟಿ ಹಿಡಿದುಕೊಂಡು ನಿಂತಿದ್ದಳು. "ಅಕ್ಕ, ಮಂಗಳವಾರ ಹಿರಿಯೂರಿಗೆ..." ಎಂದು ಬಾಯಿ ತೆರೆದಳು.

"ಮೊದ್ಲು ತಾಯಿ, ಆಮೇಲೆ ಹಿರಿಯೂರು," ಎಂದಳು ಬರಗೇರಮ್ಮ.

ಗುಡ್ಡಕ್ಕೆ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು. ಅದನ್ನು ಹತ್ತಬೇಕಾದರೆ ಕಾಲಿಗೆ ಬಲ ಬೇಕು. ಬಲ ಬರಬೇಕಾದರೆ ಹಿರಿಯೂರಿಗೆ ಹೋಗಬೇಕು. ಹಿರಿಯೂರಿಗೆ ಹೋಗಬೇಕಾದರೆ ಗುಡ್ಡ ಹತ್ತಿರಬೇಕು. ಇದು ಆ ದಿನವೇ ಮಲ್ಲಕ್ಕನಿಗೆ ಹೊಳೆದಿತ್ತು. ಆದರೆ ಹೊಳೆದದ್ದನ್ನು ಬಾಯಿಬಿಟ್ಟು ಹೇಳುವುದಕ್ಕೆ ಧೈರ್ಯ ಬೇಕಲ್ಲ. ಹೇಳಿದ ಮೇಲೆ ಗಂಡನಿಗೆ ಏನಾದರೂ ಆಗಿಬಿಟ್ಟರೆ ಹಟ್ಟಿ ಏನನ್ನುತ್ತದೆ ಎನ್ನುವುದಕ್ಕಿಂತ, ತನ್ನ ಮನಸ್ಸು ತನಗೆ ಏನನ್ನುತ್ತದೆ ಎಂಬ ಭಯ ಅವಳದು. ಚಿಕ್ಕಂದಿನಿಂದ ದೇವರ ಮುಂದೆ ದೀಪ ಹಚ್ಚದೆ ನೀರು ಕುಡಿದವಳಲ್ಲ ಅವಳು.

ಅಲ್ಲಿಂದ ನೋಡಲು ಬರುವವರ ಸಾಲು ಶುರುವಾಯಿತು. ಕೈಯಲ್ಲಿ ಬ್ರೆಡ್ಡು, ಬಾಳೆಹಣ್ಣು. ಬಾಯಲ್ಲಿ ಒಂದೊಂದು ಸಾವಿನ ಸುದ್ದಿ. ಮಂಚದ ಪಕ್ಕದಲ್ಲೇ ಕುಳಿತು, ಮಲಗಿದವನಿಗೆ ಕಿವಿಯೂ ಹೋಗಿದೆ ಎಂಬಂತೆ ಮಾತಾಡುತ್ತಿದ್ದರು. ತುರುವನೂರಿನ ಕಡೆಯ ಬೀಗರೊಬ್ಬರಿಗೆ ಹೀಗೇ ಲಕ್ವ ಹೊಡೆದದ್ದು, ಮೂರನೇ ತಿಂಗಳಿಗೆ ಇನ್ನೊಂದು ಸಲ ಹೊಡೆದು ಮುಗಿದೇ ಹೋದದ್ದು. ಬಿ.ದುರ್ಗದ ಮೇಷ್ಟರೊಬ್ಬರು ಏಳು ವರ್ಷ ಹಾಸಿಗೆಯಲ್ಲೇ ಕಳೆದದ್ದು, ಬೆನ್ನು ಹುಣ್ಣಾದದ್ದು. ಎದ್ದು ಹೋಗುವಾಗ ಪ್ರತಿಯೊಬ್ಬರೂ ಒಂದು ದೇವರ ಹೆಸರು ಹೇಳಿ, "ಒಂದು ಮುಡಿಪು ಕಟ್ಟಿಡು ಮಲ್ಲಕ್ಕ, ಮರೀಬ್ಯಾಡ" ಎನ್ನುತ್ತಿದ್ದರು. ಮಲ್ಲಕ್ಕ ಕಟ್ಟುತ್ತಿದ್ದಳು. ಕಟ್ಟದೆ ಇದ್ದು ಏನಾದರೂ ಆದರೆ?

ಯುಗಾದಿ ಹೊತ್ತಿಗೆ ಮಾಳಿಗೆಯ ಜಂತೆಯಲ್ಲಿ ಏಳು ಹಳದಿ ಗಂಟುಗಳು ಸಾಲಾಗಿ ತೂಗುತ್ತಿದ್ದವು. ಒಂದೊಂದಕ್ಕೂ ಒಂದೊಂದು ಕಟ್ಟು. ಸೋಮವಾರ ಉಪವಾಸ, ಮಂಗಳವಾರ ಒಂದೇ ಹೊತ್ತು, ಗುರುವಾರ ಉಪ್ಪಿಲ್ಲ, ಶುಕ್ರವಾರ ತಲೆಗೆ ತಣ್ಣೀರು, ಶನಿವಾರ ಒಲೆ ಹಚ್ಚುವಂತಿಲ್ಲ. ಚಪ್ಪಲಿ ಮೆಟ್ಟುವುದನ್ನೂ ಬಿಟ್ಟಿದ್ದಳು. ಮುಂಜಾನೆ ಗಂಡನನ್ನು ತೊಳೆದು, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಬರಿಗಾಲಲ್ಲಿ ಬಬ್ಬೂರಿನ ಕೃಷಿ ಫಾರಂಗೆ ಕೂಲಿಗೆ ನಡೆದುಹೋಗುತ್ತಿದ್ದಳು. ಅಲ್ಲಿ ದಿನವಿಡೀ ಸಸಿಯ ಚೀಲಕ್ಕೆ ಮಣ್ಣು ತುಂಬುವ ಕೆಲಸ. ಸಂಜೆ ಬಂದು ಇವತ್ತು ಯಾವ ವಾರ, ಏನು ತಿನ್ನಬಾರದು ಎಂದು ನೆನಪು ಮಾಡಿಕೊಳ್ಳುವುದರಲ್ಲಿ ಹಸಿವೇ ಹೋಗುತ್ತಿತ್ತು. ಮೈ ಸೌದೆಯಂತಾಯಿತು. ದೇವರ ಮುಂದೆ ಕುಳಿತರೆ ಮೊದಲು ಮನಸ್ಸು ತಣ್ಣಗಾಗುತ್ತಿತ್ತು. ಈಗ ಅಲ್ಲಿ ಕುಳಿತರೇ ಎದೆ ಹೊಡೆದುಕೊಳ್ಳುತ್ತಿತ್ತು. ಯಾರಿಗೋ ಏನೋ ತಪ್ಪಿಸಿದ್ದೇನೆ ಎಂಬ ಅನುಮಾನ. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ನೋಡಲು ಬಂದವರಲ್ಲಿ ದೇವರ ಹೆಸರು ಹೇಳದೆ ಹೋದವಳು ಹಿಂದಿನ ಮನೆಯ ಚಿತ್ತಮ್ಮ ಒಬ್ಬಳೇ. ಅವಳು ಬ್ರೆಡ್ಡನ್ನೂ ತರಲಿಲ್ಲ. ಒಂದು ಮೊರದ ತುಂಬ ಶೇಂಗಾ ತಂದು ಮಂಚದ ಪಕ್ಕ ಕುಳಿತು ಸುಲಿಯತೊಡಗಿದಳು. ಸುಲಿಯುತ್ತ ಪಾಲಯ್ಯನ ಎಡಗೈಗೂ ನಾಲ್ಕು ಕಾಯಿ ಇಟ್ಟಳು.

"ಏನಪ್ಪ, ನೀನು ಮಲಗಿದ್ದೇ ಮಲಗಿದ್ದು, ಆ ಹೊಸ ಹುಡುಗ ನಮ್ಮ ಓಣಿಗೆ ನಾಕು ದಿನದಿಂದ ನೀರೇ ಬಿಟ್ಟಿಲ್ಲ. ಮೇಲಿನ ಓಣಿಗೆ ಚರಂಡಿ ತುಂಬ ಹರಿಸ್ತಾನೆ. ಯಾಕೆ ಅಂತ ಕೇಳು."

ಪಾಲಯ್ಯ ಕಣ್ಣು ತಿರುಗಿಸಿ ನೋಡಿದ.

"ಅಲ್ಲೊಬ್ಳು ಅವನಿಗೆ ದಿನಾ ಟೀ ಕೊಡ್ತಾಳೆ. ನಾವು ಕೊಟ್ಟಿಲ್ಲ ನೋಡು. ನಿಂಗೂ ಹಂಗೇ ಯಾರಾದ್ರೂ ಕೊಡ್ತಿದ್ರಾ? ಮಲ್ಲಕ್ಕ ಇಲ್ಲೇ ಅವ್ಳೆ, ನಿಜ ಹೇಳು."

ಪಾಲಯ್ಯನ ಗಂಟಲಿನಿಂದ ಒಂದು ಸದ್ದು ಬಂತು. ಅಡುಗೆಯ ಮೂಲೆಯಲ್ಲಿದ್ದ ಮಲ್ಲಕ್ಕನಿಗೆ ಅದು ನಗು ಎಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ಎರಡು ತಿಂಗಳಾಗಿತ್ತು ಆ ಸದ್ದು ಕೇಳಿ.

ಅಂದಿನಿಂದ ಚಿತ್ತಮ್ಮ ದಿನವೂ ಸಂಜೆ ಮೊರ ಹಿಡಿದುಕೊಂಡು ಬಂದಳು. ತನ್ನ ಕಷ್ಟ ಅವಳಿಗೆ ಕಡಿಮೆಯದೇನಲ್ಲ. ಇಬ್ಬರು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು. ಅದರ ಮಾತು ಎತ್ತುತ್ತಿರಲಿಲ್ಲ. ಒಂದು ದಿನ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು, "ಆಸ್ಪತ್ರೇಲಿ ಚೀಟಿ ಕೊಟ್ಟಿದ್ರಂತಲ್ಲ, ಏನಾಯ್ತು?"

ಮಲ್ಲಕ್ಕ ಮುಡಿಪಿನ ಮಾತು ಹೇಳಿದಳು.

"ಆ ಗುಡ್ಡಪ್ಪನ್ನೇ ಕೇಳಬಾರ್ದಾ? ಪೂಜಾರಿ ಅಲ್ವಾ ಅವ್ನು. ಆಡಿದ ಮಾತು ಸಡ್ಲಿಸೋದಕ್ಕೂ ಏನಾದ್ರೂ ದಾರಿ ಇರ್ತದೆ."

ಗುಡ್ಡದ ಪೂಜಾರಿ ಗುಡ್ಡಪ್ಪ ದೀಪದ ಎಣ್ಣೆಗೆಂದು ಹಟ್ಟಿಗೆ ಬಂದ ದಿನ ಮಲ್ಲಕ್ಕ ಕೇಳಿದಳು. ಅವನು ಬಹಳ ಹೊತ್ತು ತಲೆ ಕೆರೆದುಕೊಂಡು ಹೇಳಿದ, "ಆಗ್ತದೆ. ತಪ್ಪಾಯ್ತು ಅಂತ ಕೈಮುಗಿದು ಬಿಡಿಸ್ಕಬಹುದು. ಆದ್ರೆ ಅದೇ ಗಂಟು ತಂದು ತಾಯಿ ಮುಂದೆ ಇಡಬೇಕು. ಬೇರೆ ದೇವರ ಗಂಟು ಒಳಗೆ ಬರಂಗಿಲ್ಲ ಮತ್ತೆ."

ಮಲ್ಲಕ್ಕ ಮನೆಗೆ ಓಡಿಬಂದು ಸ್ಟೂಲು ಹತ್ತಿದಳು. ಜಂತೆಯಲ್ಲಿ ಏಳು ಗಂಟುಗಳೂ ಇದ್ದವು. ಆದರೆ ಕಟ್ಟಿದ ಕಡೆ ಇರಲಿಲ್ಲ; ಇಷ್ಟು ದಿನ ಅವಳು ಕತ್ತೆತ್ತಿ ಸರಿಯಾಗಿ ನೋಡಿರಲಿಲ್ಲ. ಮೊದಲು ಒಂದೊಂದು ಒಂದೊಂದು ಮೊಳೆಗೆ ತೂಗುತ್ತಿದ್ದವು. ಬರಗೇರಮ್ಮ ಕಟ್ಟಿದ್ದು ಬಾಗಿಲ ಕಡೆಯ ಮೊದಲ ಮೊಳೆಗೆ. ಈಗ ಏಳನ್ನೂ ಒಂದೇ ದಾರಕ್ಕೆ ಪೋಣಿಸಿ, ಹೂವಿನ ಸರದಂತೆ ಕಟ್ಟಲಾಗಿತ್ತು. ಎಲ್ಲವೂ ಒಂದೇ ಗಾತ್ರ, ಒಂದೇ ಹೊಸ ಹಳದಿ.

ಹೊಳಲ್ಕೆರೆಗೆ ಕೊಟ್ಟಿದ್ದ ಮಗಳು ಯಶೋಧಾ ಯುಗಾದಿಗೆ ಬಂದು ಮನೆಗೆ ಸುಣ್ಣ ಹೊಡೆದುಕೊಟ್ಟು ಹೋಗಿದ್ದಳು. ಮಲ್ಲಕ್ಕ ಅವಳಿಗೆ ಫೋನು ಮಾಡಿದಳು.

"ಯಾವ್ದು ಎಲ್ಲಿತ್ತು ಅಂತ ನಂಗೇನು ಗೊತ್ತವ್ವ?" ಎಂದಳು ಯಶೋಧಾ. "ಸುಣ್ಣ ಸಿಡೀತದೆ ಅಂತ ಎಲ್ಲಾ ಬಿಚ್ಚಿದೆ. ಬಟ್ಟೆ ಹೊಗೆ ಹಿಡಿದು ಕರ್ರಗಾಗಿತ್ತು. ತೊಳ್ದು ಒಣಗ್ಸಿ, ಹೊಸ ಅರಿಶಿಣ ಹಚ್ಚಿ ಕಟ್ಟಿದೀನಿ. ಒಳ್ಳೇದಕ್ಕೇ ಮಾಡಿದ್ದು. ಯಾಕೆ, ಏನಾತು?"

"ಏನಿಲ್ಲ," ಎಂದಳು ಮಲ್ಲಕ್ಕ. "ಚೆನ್ನಾಗಿ ಕಟ್ಟಿದೀಯ."

ಬರಗೇರಮ್ಮನಿಗೆ ಹೇಳಿದಾಗ ಅವಳ ಮುಖ ಬಿಳಿಚಿಕೊಂಡಿತು. ಏಳೂ ದೇವರಿಗೆ ಮೊದಲಿನಿಂದ ಮತ್ತೆ ಕಟ್ಟಬೇಕು, ಒಂದಕ್ಕೆ ಎರಡರಂತೆ, ಆಗಲೇ ದೋಷ ಹೋಗುವುದು ಎಂದಳು. ಗಾಬರಿಯಿಂದ ಹೇಳಿದ ಮಾತು ಅದು, ಕೇಡು ಬಯಸಿ ಹೇಳಿದ್ದಲ್ಲ. ಆದರೆ ಮಲ್ಲಕ್ಕ ಮೇಲೆ ನೋಡಿದಾಗ ಜಂತೆಯ ತುಂಬ ಹಳದಿ ಗಂಟುಗಳೇ ಕಂಡಂತಾಯಿತು. ಆ ವಾರ ಫಾರಂನಲ್ಲಿ ಮಣ್ಣಿನ ಗುಡ್ಡೆಯ ಪಕ್ಕದಲ್ಲೇ ತಲೆಸುತ್ತಿ ಬಿದ್ದಳು. ಜೊತೆಯ ಹೆಂಗಸರು ನೀರು ಚಿಮುಕಿಸಿ ಏನು ತಿಂದೆ ಎಂದು ಕೇಳಿದರೆ ಅವಳಿಗೆ ನೆನಪಾಗಲಿಲ್ಲ. ವೈಶಾಖ ಹಾಗೆಯೇ ಕಳೆಯಿತು. ಚೀಟಿಯ ಮಡಿಕೆಗಳು ಹರಿಯತೊಡಗಿದವು.

ಜೂನ್ ಮೊದಲ ಭಾನುವಾರ ಬರಗೇರಮ್ಮ ತನ್ನ ಊರಿನ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. "ಬರ್ರಿ, ಕುಂತ್ಕಳ್ರಿ" ಎಂದು ಮಲ್ಲಕ್ಕ ಚಾಪೆ ಹಾಸಿ ಒಳಗೆ ಟೀ ಕಾಯಿಸಲು ಹೋದಳು. ಅವರಲ್ಲೊಬ್ಬಳು ತನ್ನ ಮಾವನ ಕಥೆ ತೆಗೆದಳು. ಐದು ತಿಂಗಳಾದ ಮೇಲೆ ಹೇಗೆ ಅನ್ನ ಬಿಟ್ಟ, ನಾಲಿಗೆ ಹೇಗೆ ಒಳಗೆ ಹೋಯಿತು, ಕೊನೆಯ ರಾತ್ರಿ ಹೇಗೆ ಉಸಿರು ಎಳೆದ. ಒಂದನ್ನೂ ಬಿಡದೆ ಹೇಳಿದಳು. ಬರಗೇರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಕಣ್ಣ ಮುಂದೇನೇ ಇವನೂ ಹೋಗ್ತಾನೇನೋ" ಎಂದಳು.

ಮಲ್ಲಕ್ಕ ಲೋಟ ಹಿಡಿದು ಬಂದಾಗ ಪಾಲಯ್ಯನ ಎಡಗಣ್ಣಿನಿಂದ ನೀರು ಕಿವಿಯವರೆಗೆ ಇಳಿದಿತ್ತು. ಅವನು ಹೆಂಡತಿಯನ್ನು ನೋಡಿ, ಬಾಯಿಯ ಸರಿಯಾದ ಅರ್ಧದಿಂದ ಕಷ್ಟಪಟ್ಟು ಎರಡು ಮಾತು ಹೊರಡಿಸಿದ.

"ನಾ... ಸತ್ತೆನಾ?"

ಆ ಮಾತು ಯಾರಿಗೂ ಸ್ಪಷ್ಟವಾಗಲಿಲ್ಲ. ಮಲ್ಲಕ್ಕನಿಗೆ ಆಯಿತು. ಅವಳು ಟೀ ಲೋಟಗಳನ್ನು ನೆಲದ ಮೇಲಿಟ್ಟು, ಹಿಂದಿನ ಬಾಗಿಲಿಗೆ ಹೋಗಿ ಚಿತ್ತಮ್ಮನನ್ನು ಕೂಗಿದಳು. ಇಬ್ಬರೂ ಸೇರಿ, ಅವನು ಮಲಗಿದ್ದ ಹಾಗೇ ಮಂಚವನ್ನು ಎಳೆದು, ಎತ್ತಿ, ಹೊಸಿಲು ದಾಟಿಸಿ ಹೊರಗಿನ ಜಗಲಿಗೆ ತಂದರು. ಬೆಳಕಿಗೆ ಪಾಲಯ್ಯ ಕಣ್ಣು ಮುಚ್ಚಿಕೊಂಡ.

"ಲೇ ಮಲ್ಲಿ, ಏನೇ ಮಾಡ್ತಿದೀಯ? ನನ್ನ ತಮ್ಮನ್ನ ಬೀದಿಗೆ ಹಾಕ್ತೀಯಾ?"

"ಇಲ್ಲೇ ಇರ್ತಾನೆ ಅಕ್ಕ. ದಾರೀಲಿ ಹೋಗೋರು ಬರೋರು ಕಾಣ್ತಾರೆ. ನೋಡಾಕೆ ಬರೋರು ಅವನ ಹತ್ರ ಮಾತಾಡ್ಲಿ. ಸಾವಿನ ಮಾತಾಡೋರು ಈ ಜಗಲಿ ಹತ್ತೋದು ಬ್ಯಾಡ."

"ನಂಗೂ ಬ್ಯಾಡ ಅಂತೀಯ?"

ಮಲ್ಲಕ್ಕ ಬಗ್ಗಿ ದಿಂಬು ಸರಿಮಾಡಿ, ಗಂಡನ ಮುಖವನ್ನು ದಾರಿಯ ಕಡೆಗೆ ತಿರುಗಿಸಿದಳು. ಬರಗೇರಮ್ಮ ಎದ್ದು ಚಪ್ಪಲಿ ಮೆಟ್ಟಿ, ತಮ್ಮನ ತಲೆ ಸವರಿ, ಟೀ ಕುಡಿಯದೆ ಜೊತೆಯವರೊಂದಿಗೆ ಹೋದಳು. ಓಣಿಯ ತಿರುವಿನಲ್ಲಿ ಒಮ್ಮೆ ನಿಂತಳು. ಕರೆಯುತ್ತಾಳೇನೋ ಎಂದು ಕಾದಂತಿತ್ತು. ಮಲ್ಲಕ್ಕ ಒಳಗೆ ಹೋಗಿ ಕುಡಿಯದೆ ಉಳಿದ ಟೀ ಲೋಟಗಳನ್ನು ಎತ್ತಿದಳು.

ಮಾರನೆಯ ದಿನ ಕೂಲಿ ಬಿಟ್ಟು, ಏಳು ಗಂಟುಗಳ ಸರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಲ್ಲಕ್ಕ ಒಬ್ಬಳೇ ಗುಡ್ಡ ಹತ್ತಿದಳು. ಮೋಡ ಕವಿದಿತ್ತು, ಮಳೆಯಿರಲಿಲ್ಲ. ಮೂರು ಸಲ ಕುಳಿತು ಎದ್ದಳು. ಮೇಲೆ ಗುಡ್ಡಪ್ಪ ಒಬ್ಬನೇ ಇದ್ದ. ಸರವನ್ನು ನೋಡಿ ಕೈ ಅಡ್ಡ ಹಿಡಿದ.

"ಹೇಳಿದ್ನಲ್ಲ ಮಲ್ಲಕ್ಕ, ಬೇರೆ ದೇವರದ್ದು ಒಳಗೆ ಬರಂಗಿಲ್ಲ."

"ಹಂಗಾದ್ರೆ ಈ ತಾಯಿದು ಯಾವ್ದು ಅಂತ ನೀನೇ ಆರಿಸಿ ತಗಾ ಸ್ವಾಮಿ. ಮಿಕ್ಕಿದ್ದು ನಾನು ವಾಪಸ್ ಒಯ್ತೀನಿ."

ಗುಡ್ಡಪ್ಪ ಸರವನ್ನು ಕೈಗೆ ತೆಗೆದುಕೊಂಡು ಈ ಕಡೆಯಿಂದ ಆ ಕಡೆಗೆ ನೋಡಿದ. ಒಂದನ್ನು ಮೂಸಿಯೂ ನೋಡಿದ. ಆಮೇಲೆ ಅದನ್ನು ಹೊಸಿಲ ಮೇಲಿಟ್ಟು, "ನೀರು ಖಾಲಿ ಆಗ್ಯಾವೆ, ತರ್ತೀನಿ" ಎಂದು ಕೊಡ ಹಿಡಿದು ಹಿಂದೆ ಬಂಡೆಯಲ್ಲಿದ್ದ ನೀರಿನ ದೊಣೆಯ ಕಡೆಗೆ ಹೋದ. ಕೊಡದಲ್ಲಿ ಅರ್ಧಕ್ಕೂ ಹೆಚ್ಚು ನೀರಿತ್ತು. ಅದು ತುಳುಕಿದ ಸದ್ದು ಮಲ್ಲಕ್ಕನಿಗೆ ಕೇಳಿಸಿತು.

ಅವಳು ಒಳಗೆ ಹೋಗಿ ಸರವನ್ನು ತಾಯಿಯ ಪಾದದ ಬಳಿ ಇಟ್ಟಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು.

"ಮಾತಾಡಿದ್ದು ನಾವು, ಅವನಲ್ಲ," ಎಂದಳು. "ಅವನಿಗೆ ಆಗ ಬಾಯೇ ಇರ್ಲಿಲ್ಲ. ಇನ್ನು ನನ್ನಿಂದ ಆಗಲ್ಲ ತಾಯಿ. ಸಂಜೆ ಒಂದು ದೀಪ ಹಚ್ತೀನಿ, ಅದೊಂದು ಬಿಡಲ್ಲ. ಸಿಟ್ಟು ಬಂದ್ರೆ ನನ್ನ ಮ್ಯಾಲೆ ಇಡು."

ಇಳಿಯುವಾಗ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಕೈ ಮಾತ್ರ ಖಾಲಿಯಾಗಿತ್ತು. ಆ ರಾತ್ರಿ ಮತ್ತು ಮುಂದಿನ ಎಷ್ಟೋ ದಿನ, ಗಂಡ ಕೆಮ್ಮಿದರೂ, ತನ್ನ ಹೊಟ್ಟೆ ನೊಂದರೂ, ಇದು ತಾಯಿಯ ಸಿಟ್ಟೇ ಇರಬಹುದೇ ಎಂದು ಅವಳ ಜೀವ ಹಿಡಿಯಷ್ಟಾಗುತ್ತಿತ್ತು. ಭಯ ಹೋಗಲಿಲ್ಲ, ಭಯವನ್ನು ಪಕ್ಕಕ್ಕಿಟ್ಟುಕೊಂಡೇ ಅವಳು ಸೋಮವಾರ ಉಂಡಳು, ಗುರುವಾರ ಸಾರಿಗೆ ಉಪ್ಪು ಹಾಕಿದಳು, ಚಪ್ಪಲಿ ಮೆಟ್ಟಿದಳು. ಸಂಜೆ ದೀಪದ ಮುಂದೆ ಕುಳಿತಾಗ ಯಾವುದನ್ನೂ ನೆನಪಿಡಬೇಕಾಗಿರಲಿಲ್ಲ. ಸುಮ್ಮನೆ ಕುಳಿತುಕೊಳ್ಳಬಹುದಿತ್ತು. ಅಷ್ಟು ಮಾತ್ರ ಸಿಕ್ಕಿತು ಅವಳಿಗೆ, ಅಷ್ಟು ಹೊತ್ತು ಮಾತ್ರ.

ಜೂನ್ ಕೊನೆಯ ಮಂಗಳವಾರ ಚಿತ್ತಮ್ಮನ ತಮ್ಮನ ಆಟೋದಲ್ಲಿ ಪಾಲಯ್ಯನನ್ನು ಹಿರಿಯೂರಿಗೆ ಕರೆದುಕೊಂಡು ಹೋದರು. ವ್ಯಾಯಾಮ ಮಾಡಿಸುವ ಹುಡುಗಿಯ ಹೆಸರು ಯಮುನಾ. ಅವಳು ಹರಿದ ಚೀಟಿಯನ್ನು ಬಿಡಿಸಿ ತಾರೀಖು ನೋಡಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು. ಪಾಲಯ್ಯನ ಬಲಗಾಲನ್ನು ಮಡಚಿ ನೀಡಿ ನೋಡಿದಳು. ಕೈಯನ್ನು ಹಿಡಿದಳು. ಬೆರಳುಗಳು ಒಳಕ್ಕೆ ಮಡಚಿ ಗಟ್ಟಿಯಾಗಿದ್ದವು. ಒಂದೊಂದನ್ನೇ ಬಿಡಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತಿದ್ದವು.

"ಕಾಲು ಬರ್ತದೆ," ಎಂದಳು ಯಮುನಾ. "ಕೋಲು ಹಿಡ್ಕಂಡು ಓಡಾಡೋ ಅಷ್ಟು ಆಗ್ತದೆ, ಬಿಡದೆ ಬಂದ್ರೆ. ಕೈ ಬಗ್ಗೆ ನಾನು ಸುಳ್ಳು ಹೇಳಲ್ಲಮ್ಮ."

"ಮೊದ್ಲೇ ಬಂದಿದ್ರೆ?" ಎಂದು ಕೇಳಿದಳು ಮಲ್ಲಕ್ಕ.

ಯಮುನಾ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟಳು. "ಬಂದಿದೀರಲ್ಲ," ಎಂದಳು. "ಗುರುವಾರ ಮತ್ತೆ ಬನ್ನಿ."

ಮಲ್ಲಕ್ಕ ಹೊರಗೆ ಬಂದು ನಲ್ಲಿಯ ಬಳಿ ಮುಖ ತೊಳೆಯುವ ನೆಪದಲ್ಲಿ ಬಹಳ ಹೊತ್ತು ನಿಂತಿದ್ದಳು. ಚಿತ್ತಮ್ಮ ಬಂದು ಪಕ್ಕದಲ್ಲಿ ನಿಂತಳು. ಆಮೇಲೆ, "ಒಳಗೆ ನಿನ್ನ ಗಂಡ ಆ ಹುಡುಗಿ ಹತ್ರ ಯಾವೂರು ಅಂತ ಕೇಳ್ತಾ ಅವ್ನೆ. ಅರ್ಧ ಬಾಯಲ್ಲೇ ಇಷ್ಟು ವಿಚಾರಿಸ್ತಾನೆ, ಇನ್ನು ಪೂರ್ತಿ ಬಂದ್ರೆ?" ಎಂದಳು. ಮಲ್ಲಕ್ಕ ಮುಖಕ್ಕೆ ಇನ್ನೊಂದು ಬೊಗಸೆ ನೀರು ಹಾಕಿಕೊಂಡಳು.

ಮಳೆಗಾಲವಿಡೀ ವಾರಕ್ಕೆ ಎರಡು ದಿನ ಹೋದರು. ಆಟೋ ಯಾವಾಗಲೂ ಸಿಗುತ್ತಿರಲಿಲ್ಲ, ಬಸ್ಸಿನಲ್ಲೂ ಹೋದರು. ಆಗಸ್ಟಿನಲ್ಲಿ ಪಾಲಯ್ಯ ಕಂಬಿ ಹಿಡಿದು ನಿಂತ. ದಸರೆಯ ಹೊತ್ತಿಗೆ ಕೋಲೂರಿ ಹನ್ನೊಂದು ಹೆಜ್ಜೆ ಹಾಕಿದ. ಬಲಗೈ ಎದೆಗಂಟಿಕೊಂಡೇ ಇತ್ತು. ಅದು ಹಾಗೇ ಇರುತ್ತದೆ ಎಂಬುದು ಇಬ್ಬರಿಗೂ ಗೊತ್ತು, ಇಬ್ಬರೂ ಆಡುವುದಿಲ್ಲ. ಬರಗೇರಮ್ಮ ಆ ಮೇಲೆ ಬರಲಿಲ್ಲ. ಮಲ್ಲಕ್ಕ ಎರಡು ಸಲ ಹೇಳಿಕಳಿಸಿದಳು. ನೆಂಟರ ಮದುವೆಯಲ್ಲಿ ಎದುರು ಸಾಲಿನಲ್ಲಿ ಉಣ್ಣಲು ಕುಳಿತಿದ್ದವಳು ತಲೆಯೆತ್ತಲಿಲ್ಲ. ಭಾನುವಾರ ಬಂತೆಂದರೆ ಪಾಲಯ್ಯ ಜಗಲಿಯಲ್ಲಿ ಕುಳಿತು ಓಣಿಯ ತಿರುವನ್ನೇ ನೋಡುತ್ತಾನೆ. ಯಾರನ್ನು ನೋಡುತ್ತಿದ್ದೀಯ ಎಂದು ಮಲ್ಲಕ್ಕ ಕೇಳುವುದಿಲ್ಲ. ತಾನು ಯಾರನ್ನು ಆರಿಸಿಕೊಂಡೆ, ಯಾರನ್ನು ಬಿಟ್ಟೆ ಎಂಬುದು ಅವಳಿಗೆ ಗೊತ್ತು. ಇನ್ನೊಮ್ಮೆ ಆ ದಿನ ಬಂದರೂ ಮಂಚವನ್ನು ಹೊರಗೆ ಎಳೆಯುತ್ತಾಳೆ. ಆದರೆ ನಾಲ್ಕು ತಿಂಗಳು ಮೊದಲೇ ಎಳೆದಿದ್ದರೆ ಎಂಬುದೂ ಅವಳಿಗೆ ಗೊತ್ತು.

ಕಳೆದ ಗುರುವಾರ ಹಿರಿಯೂರಿನಿಂದ ಮರಳುವಾಗ ಬಸ್ಸಿನ ಬಾಗಿಲಲ್ಲಿ ಮಲ್ಲಕ್ಕ ಎಂದಿನಂತೆ ಅವನ ಸೊಂಟಕ್ಕೆ ಕೈ ಹಾಕಲು ಹೋದಳು. ಪಾಲಯ್ಯ ಮೊಣಕೈಯಿಂದ ಅವಳ ಕೈಯನ್ನು ಸರಿಸಿದ.

"ಬಿಡು," ಎಂದ.

ಹತ್ತುವಾಗ ಒಳ್ಳೆಯ ಕಾಲು ಮುಂದೆ ಎಂದು ಯಮುನಾ ಕಲಿಸಿದ್ದಳು. ಎಡಗೈಯಲ್ಲಿ ಕಂಬಿ ಹಿಡಿದು ಎಡಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟ. ಬಲಗಾಲು ಬರಲು ಬಹಳ ಹೊತ್ತು ಹಿಡಿಯಿತು. ಒಳಗಿನಿಂದ ಯಾರೋ, "ಹೋಗಾಣ ಡ್ರೈವರಣ್ಣ, ಲೇಟಾಗ್ತದೆ" ಎಂದರು. ಕಂಡಕ್ಟರ್ ಬಾಗಿಲ ಬಳಿ ನಿಂತು, "ತಡೀರಿ, ಹತ್ತಲಿ" ಎಂದ. ಇನ್ನೂ ಎರಡು ಮೆಟ್ಟಿಲಿದ್ದವು. ಪಾಲಯ್ಯನ ಕತ್ತಿನ ನರ ಉಬ್ಬಿತ್ತು, ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅವನು ಹಿಂದಕ್ಕೆ ಬಿದ್ದರೆ ಹಿಡಿಯುವಷ್ಟು ದೂರದಲ್ಲಿ, ಮುಟ್ಟದೆ, ಮಲ್ಲಕ್ಕ ಕೆಳಗೆ ನಿಂತಿದ್ದಳು.